ವಿದೇಶದ ಪೋಸ್ಟಿಂಗ್ ಬೇರೆ, ವಿದೇಶದ ಕೆಲಸ ಬೇರೆ: ಆರೋಗ್ಯ ವಿಜ್ಞಾನ ಓದುವವರಿಗೆ ಗೊತ್ತಿರಬೇಕಾದ್ದು

ಫಿಸಿಯೋಥೆರಪಿ, ನರ್ಸಿಂಗ್, ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಡೆಂಟಲ್, ಯಾವ ಕೋರ್ಸೇ ಇರಲಿ, ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಮೂರನೇ ವರ್ಷ ಮುಗಿಯುವ ಹೊತ್ತಿಗೆ ಹುಡುಗರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿರುತ್ತದೆ. ಒಂದು ತಿಂಗಳು ಫಾರಿನ್ ಆಸ್ಪತ್ರೆಯಲ್ಲಿ ಪೋಸ್ಟಿಂಗ್ (ವಿದ್ಯಾರ್ಥಿಯಾಗಿ ವಾರ್ಡಿನಲ್ಲಿ ಪಡೆಯುವ ತರಬೇತಿ) ಮಾಡಿ ಬರೋದು, ಸರ್ಟಿಫಿಕೇಟ್ ತರೋದು, ಅದನ್ನ ತೋರಿಸಿ ಅಲ್ಲೇ ನೌಕರಿ ಹಿಡಿಯೋದು. ಮನೆಯವರೂ ಇದನ್ನೇ ನಂಬಿರುತ್ತಾರೆ. "ಒಮ್ಮೆ ಅಲ್ಲಿ ಕಾಲಿಟ್ರ ಸಾಕ್ರಿ ಸರ, ಮುಂದ ತಾನ ದಾರಿ ಆಗ್ತದ" ಅಂತ ಕುಂದಗೋಳ ಕಡೆಯ ಒಬ್ಬ ತಂದೆ ನನಗೆ ಹೇಳಿದ್ದರು. ಮಗಳಿಗಾಗಿ ಹೊಲದ ಮೇಲೆ ಸಾಲ ತೆಗೆಯುವ ವಿಚಾರದಲ್ಲಿದ್ದರು. ನಾನು ಫಿಸಿಯೋ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಕಲಿಸುವವನು. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನೋದನ್ನ ಸಾಲ ಆಗುವ ಮೊದಲೇ ಯಾರಾದರೂ ಬಿಡಿಸಿ ಹೇಳಬೇಕು ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಪೋಸ್ಟಿಂಗ್ ಕೊಡೋದು ಒಂದು ಆಸ್ಪತ್ರೆ ಅಥವಾ ಕಾಲೇಜು. ಕೆಲಸ ಮಾಡಲು ಪರವಾನಗಿ ಕೊಡೋದು ಆ ದೇಶದ ಕೌನ್ಸಿಲ್. ಇವೆರಡಕ್ಕೂ ನೇರ ಸಂಬಂಧ ಇಲ್ಲ. ನಾಲ್ಕು ವಾರ ಲಂಡನ್‌ನಲ್ಲಿ ಏನು ನೋಡಿದಿರಿ ಅಂತ ಕೌನ್ಸಿಲ್‌ನವರು ಕೇಳೋದಿಲ್ಲ. ನಾಲ್ಕು ವರ್ಷ ಹುಬ್ಬಳ್ಳಿಯಲ್ಲಿ ಏನು ಕಲಿತಿರಿ, ರೋಗಿಗಳ ಜೊತೆ ಎಷ್ಟು ಗಂಟೆ ಕೆಲಸ ಮಾಡಿದಿರಿ, ಯಾರ ಕೈಕೆಳಗೆ ಮಾಡಿದಿರಿ, ಅದಕ್ಕೆ ಕಾಗದ ಎಲ್ಲಿದೆ, ಇದನ್ನ ಕೇಳುತ್ತಾರೆ. ಹಾಗಾಗಿ ವಿದೇಶದ ಕೆಲಸಕ್ಕೆ ತಯಾರಿ ಬಹುಪಾಲು ನಡೆಯೋದು ಇಲ್ಲೇ, ನಮ್ಮದೇ ವಾರ್ಡುಗಳಲ್ಲಿ.

ಹೊರಗೆ ಹೋಗಿ ಕಲಿಯೋದರಲ್ಲಿ ಎಷ್ಟು ಬಗೆ

ಮೊದಲನೆಯದು ಅಬ್ಸರ್ವರ್‌ಶಿಪ್. ಇದರಲ್ಲಿ ನೀವು ನೋಡಬಹುದು, ಕೇಳಬಹುದು, ಬರೆದುಕೊಳ್ಳಬಹುದು. ರೋಗಿಯನ್ನ ಮುಟ್ಟುವಂತಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಪ್ಯಾಕೇಜುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಎರಡನೆಯದು ಎಲೆಕ್ಟಿವ್ ಅಥವಾ ಕ್ಲಿನಿಕಲ್ ಪೋಸ್ಟಿಂಗ್. ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಒಂದಷ್ಟು ಕೆಲಸ ಮಾಡಿಸುತ್ತಾರೆ, ಕೊನೆಗೆ ಮೌಲ್ಯಮಾಪನ ಬರೆದುಕೊಡುತ್ತಾರೆ. ಇದು ಸಾಮಾನ್ಯವಾಗಿ ಇನ್ನೂ ಓದುತ್ತಿರುವವರಿಗೆ ಮಾತ್ರ. ಪಾಸಾಗಿ ಹೊರಬಿದ್ದ ಮೇಲೆ ಈ ಬಾಗಿಲು ಬಹುತೇಕ ಮುಚ್ಚಿದ ಹಾಗೆ.

ಎಷ್ಟು ಮುಟ್ಟಬಹುದು, ಎಷ್ಟು ಮುಟ್ಟಬಾರದು ಅನ್ನೋದನ್ನ ವೀಸಾನೂ ತೀರ್ಮಾನಿಸುತ್ತದೆ, ಇದನ್ನ ಬಹಳ ಜನ ನೋಡೋದೇ ಇಲ್ಲ. ಬ್ರಿಟನ್‌ಗೆ ವಿಸಿಟರ್ ವೀಸಾ ಮೇಲೆ ಎಲೆಕ್ಟಿವ್‌ಗೆ ಹೋಗಬಹುದು. ಆದರೆ ಸಂಬಳ ತೆಗೆದುಕೊಳ್ಳುವಂತಿಲ್ಲ, ರೋಗಿಗೆ ಚಿಕಿತ್ಸೆ ಕೊಡುವಂತಿಲ್ಲ. ಅದೂ ಮೆಡಿಕಲ್, ಡೆಂಟಲ್‌ನಂಥ ಕೆಲವೇ ಕೋರ್ಸ್‌ಗಳವರಿಗೆ. ಅಮೆರಿಕದವರು ಮೆಡಿಕಲ್ ವಿದ್ಯಾರ್ಥಿಗಳಿಗೆ ಬಿ-1 ವೀಸಾದಲ್ಲಿ ಸಂಬಳವಿಲ್ಲದ ಎಲೆಕ್ಟಿವ್ ಮಾಡಲು ಬಿಡುತ್ತಾರೆ. ಟೂರಿಸ್ಟ್ ವೀಸಾ ಮಾಡಿಸಿಕೊಂಡು ಹೋಗಿ ವಾರ್ಡಿನಲ್ಲಿ ಕೈಯಾರೆ ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಸಿಕ್ಕಿಬಿದ್ದರೆ ಮುಂದೆ ನಿಜವಾದ ಕೆಲಸದ ವೀಸಾಕ್ಕೆ ಅರ್ಜಿ ಹಾಕುವಾಗ ಅದೇ ಅಡ್ಡ ಬರುತ್ತದೆ.

ಮೂರನೆಯದು ಸಮುದಾಯದ ಫೀಲ್ಡ್‌ವರ್ಕ್. ಆಸ್ಪತ್ರೆಯ ಹೊರಗೆ ಹಳ್ಳಿಯಲ್ಲಿ, ಶಾಲೆಯಲ್ಲಿ, ವೃದ್ಧರ ಮನೆಗಳಲ್ಲಿ ಮಾಡುವ ಕೆಲಸ. ಪಬ್ಲಿಕ್ ಹೆಲ್ತ್, ಸೋಶಿಯಲ್ ವರ್ಕ್, ಆಕ್ಯುಪೇಷನಲ್ ಥೆರಪಿಯವರಿಗೆ ಇದೇ ಮುಖ್ಯ. ಇನ್ನು ಸಂಶೋಧನೆಯ ಇಂಟರ್ನ್‌ಶಿಪ್‌ಗಳಿವೆ, ಅವಕ್ಕೆ ರೋಗಿ ಮುಟ್ಟುವ ಪ್ರಶ್ನೆಯೇ ಬರೋದಿಲ್ಲ.

ಹೊರಗೆ ಹೋಗಲು ಲಕ್ಷಗಟ್ಟಲೆ ಕೊಡಲೇಬೇಕು ಅಂತೇನೂ ಇಲ್ಲ. ಎಂಬಿಬಿಎಸ್‌ನವರಿಗೆ 1951ರಲ್ಲಿ ಶುರುವಾದ ಮೆಡಿಕಲ್ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಇದೆ, ಐಎಫ್‌ಎಂಎಸ್‌ಎ ಅಂತ. ಭಾರತದಲ್ಲಿ ಅದರ ಸದಸ್ಯ ಸಂಘ ಎಂಎಸ್‌ಎಐ. ಇಲ್ಲಿಂದ ಒಬ್ಬರು ಹೋದರೆ ಅಲ್ಲಿಂದ ಒಬ್ಬರು ಬರುತ್ತಾರೆ, ಉಳಿಯುವ ವ್ಯವಸ್ಥೆ ಅಲ್ಲಿನ ವಿದ್ಯಾರ್ಥಿ ಸಂಘದ್ದು. ಡೆಂಟಲ್‌ನವರಿಗೆ ಐಎಡಿಎಸ್, ಫಾರ್ಮಸಿಯವರಿಗೆ ಐಪಿಎಸ್‌ಎಫ್ ಇದೇ ರೀತಿಯ ಸಂಘಗಳು. ವಿಶ್ವ ಆರೋಗ್ಯ ಸಂಸ್ಥೆಯ ಇಂಟರ್ನ್‌ಶಿಪ್ 6ರಿಂದ 24 ವಾರದ್ದು, 2020ರಿಂದ ಸ್ಟೈಪೆಂಡ್ ಕೂಡ ಕೊಡುತ್ತಾರೆ. ಅದರ ಆಗ್ನೇಯ ಏಷ್ಯಾ ಕಚೇರಿ ದೆಹಲಿಯಲ್ಲೇ ಇದೆ. ರೈಲು ಹತ್ತಿ ಹೋಗಿ ಅಂತರರಾಷ್ಟ್ರೀಯ ಅನುಭವ ಪಡೆಯಬಹುದು, ಆದರೂ ನಮ್ಮ ಕಡೆಯ ಹುಡುಗರು ಅರ್ಜಿ ಹಾಕೋದೇ ಕಡಿಮೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. ವಿನಿಮಯದಲ್ಲೋ ವಿದ್ಯಾರ್ಥಿವೇತನದಲ್ಲೋ ಅವಕಾಶ ಸಿಕ್ಕರೆ ಖಂಡಿತ ಹೋಗಿ. ರೋಗಿಯನ್ನ ಎತ್ತಿ ಕೂರಿಸಲು ಯಂತ್ರ ಹೇಗೆ ಬಳಸುತ್ತಾರೆ, ಮುಟ್ಟುವ ಮೊದಲು ಹೇಗೆ ಒಪ್ಪಿಗೆ ಕೇಳುತ್ತಾರೆ, ಪ್ರತಿ ಮಾತನ್ನೂ ಕೇಸ್ ಶೀಟಿನಲ್ಲಿ ಹೇಗೆ ಬರೆಯುತ್ತಾರೆ, ಇದೆಲ್ಲ ಕಣ್ಣಾರೆ ನೋಡಿದರೆ ಕೆಲಸದ ರೀತಿಯೇ ಬದಲಾಗುತ್ತದೆ. ಆದರೆ ಸಾಲ ಮಾಡಿ ಅಬ್ಸರ್ವರ್‌ಶಿಪ್ ಕೊಳ್ಳಬೇಡಿ. ಆ ದುಡ್ಡಿಗೆ ಬೇರೆ ಕೆಲಸ ಇದೆ. ಕಾಲೇಜಿನ ಬ್ರೋಷರ್‌ನಲ್ಲಿ ಇಂಟರ್‌ನ್ಯಾಷನಲ್ ಪ್ಲೇಸ್‌ಮೆಂಟ್ ಅಂತ ಬರೆದಿದ್ದರೆ ಅದು ನೌಕರಿಯೋ, ತರಬೇತಿಯೋ ಅಂತ ಅಡ್ಮಿಶನ್ ಮೊದಲೇ ಕೇಳಿ, ಉತ್ತರವನ್ನ ಬರಹದಲ್ಲಿ ತೆಗೆದುಕೊಳ್ಳಿ.

ಇಲ್ಲಿನ ಗಂಟೆಗಳೇ ಬಂಡವಾಳ

ಆಕ್ಯುಪೇಷನಲ್ ಥೆರಪಿಯ ವಿಶ್ವ ಒಕ್ಕೂಟ ಇಟ್ಟಿರುವ ಕನಿಷ್ಠ ಮಟ್ಟ 1000 ಗಂಟೆ ಫೀಲ್ಡ್‌ವರ್ಕ್. 1952ರಲ್ಲಿ ಆ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಫಿಸಿಯೋ, ನರ್ಸಿಂಗ್, ರೇಡಿಯಾಗ್ರಫಿ ಕೌನ್ಸಿಲ್‌ಗಳೂ ಇಂಥದ್ದೇ ಲೆಕ್ಕ ಕೇಳುತ್ತವೆ. ಯಾವ ವಿಭಾಗದಲ್ಲಿ ಎಷ್ಟು ಗಂಟೆ: ಮೂಳೆ ಎಷ್ಟು, ನರ ಎಷ್ಟು, ಐಸಿಯು ಎಷ್ಟು, ಮಕ್ಕಳ ವಾರ್ಡ್ ಎಷ್ಟು, ಸಮುದಾಯದಲ್ಲಿ ಎಷ್ಟು. ನಮ್ಮ ಹುಡುಗರು ಇಷ್ಟೂ ಗಂಟೆಯನ್ನ ಮಾಡಿಯೇ ಇರುತ್ತಾರೆ. ಕೆಲವೊಮ್ಮೆ ಅದಕ್ಕಿಂತ ಜಾಸ್ತಿನೇ ಮಾಡಿರುತ್ತಾರೆ. ಬರೆದಿಟ್ಟಿರೋದಿಲ್ಲ ಅಷ್ಟೇ. ಲಾಗ್‌ಬುಕ್ ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ ಸೀನಿಯರ್‌ದು ನೋಡಿ ತುಂಬಿಸುವ ಪುಸ್ತಕ ಅಂತ ಆಗಿಬಿಟ್ಟಿದೆ. ನನಗೆ ನಿಜವಾಗಿ ಬೇಜಾರಾಗೋದು ಇದೇ ವಿಷಯಕ್ಕೆ.

ಯಾಕಂದರೆ ನಮ್ಮ ಕಡೆ ಸಿಗುವ ಅನುಭವ ಸಣ್ಣದಲ್ಲ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್, ಈಗ ಹೆಸರು ಬದಲಾಗಿದ್ದರೂ ಜನ ಕರೆಯೋದು ಹಾಗೇ, 1957ರಲ್ಲಿ ಶುರುವಾದ ಕಾಲೇಜು. ಸಾವಿರಕ್ಕೂ ಹೆಚ್ಚು ಹಾಸಿಗೆ ಅಲ್ಲಿವೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದೆಲ್ಲ ರೋಗಿಗಳು ಬರುತ್ತಾರೆ. ಕೀಟನಾಶಕ ಕುಡಿದು ವೆಂಟಿಲೇಟರ್ ಮೇಲಿರುವವರ ಎದೆಯ ಕಫ ತೆಗೆಸುವ ಕೆಲಸ, ಹಾವು ಕಚ್ಚಿ ಕಾಲು ಬಾತವರು, ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು, ಇಂಥ ಕೇಸುಗಳನ್ನ ಯುರೋಪಿನ ವಿದ್ಯಾರ್ಥಿ ಪುಸ್ತಕದಲ್ಲಿ ಮಾತ್ರ ಓದಿರುತ್ತಾನೆ. ಧಾರವಾಡದ ಡಿಮ್ಹಾನ್ಸ್ 1845ರಷ್ಟು ಹಿಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾಗಿ ಶುರುವಾದದ್ದು. ಮಾನಸಿಕ ಆರೋಗ್ಯದ ನರ್ಸಿಂಗ್, ಸೋಶಿಯಲ್ ವರ್ಕ್ ಕಲಿಯಲು ಅಂಥ ಜಾಗ ಮನೆಬಾಗಿಲಲ್ಲೇ ಇದೆ. ಸತ್ತೂರಿನಲ್ಲಿ ಎಸ್‌ಡಿಎಂ ಇದೆ, ಗದಗದ ಮುಳಗುಂದ ರಸ್ತೆಯಲ್ಲಿ ಜಿಮ್ಸ್ ಇದೆ, ಹಾವೇರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ.

ಒಂದು ಉದಾಹರಣೆ ಹೇಳುತ್ತೇನೆ. ಪಾರ್ಶ್ವವಾಯು ಹೊಡೆದ ರೈತರೊಬ್ಬರು ಮನೆಗೆ ಹೋಗಬೇಕು. ಅವರಿಗೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ರೊಟ್ಟಿ ತಿನ್ನಬೇಕು, ಕುಕ್ಕರಗಾಲಲ್ಲಿ ಶೌಚಕ್ಕೆ ಕೂರಬೇಕು, ಕಟ್ಟೆ ಹತ್ತಿ ಇಳಿಯಬೇಕು. ವಿದೇಶಿ ಪುಸ್ತಕದಲ್ಲಿ ಇರೋದು ಕುರ್ಚಿಯಿಂದ ಏಳುವ ವ್ಯಾಯಾಮ. ಇವರಿಗೆ ನೆಲದಿಂದ ಏಳೋದನ್ನ ಕಲಿಸಬೇಕು. ಒಬ್ಬ ವಿದ್ಯಾರ್ಥಿನಿ ಇದಕ್ಕೆ ಏನೇನು ಮಾಡಿದಳು, ಮನೆಯವರ ಜೊತೆ ಏನು ಮಾತಾಡಿದಳು, ಆರು ವಾರಕ್ಕೆ ಎಷ್ಟು ಸುಧಾರಿಸಿತು ಅಂತ ಅಳೆದು ಬರೆದಿಟ್ಟರೆ, ಬ್ರಿಟನ್ನಿನ ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ರೋಗಿಯ ಅಗತ್ಯಕ್ಕೆ ತಕ್ಕಂತೆ ಚಿಕಿತ್ಸೆ ಹೇಗೆ ಬದಲಿಸಿದಿರಿ ಅಂತ ಕೇಳಿದಾಗ ಹೇಳಲು ಅವಳ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಬೇರೊಂದಿಲ್ಲ.

ಹಾಗಾಗಿ ಲಾಗ್‌ಬುಕ್ಕನ್ನ ಅವತ್ತವತ್ತೇ ಬರೆಯಿರಿ. ದಿನಾಂಕ, ವಿಭಾಗ, ಎಷ್ಟು ಗಂಟೆ, ಕೇಸ್ ಏನು, ನೀವು ನೋಡಿದ್ದು ಯಾವುದು, ಸಹಾಯ ಮಾಡಿದ್ದು ಯಾವುದು, ನೀವೇ ಮಾಡಿದ್ದು ಯಾವುದು. ರೋಗಿಯ ಹೆಸರು ಬರೆಯಬೇಡಿ, ಫೋಟೋ ಬೇಡವೇ ಬೇಡ. ವಾರಕ್ಕೊಮ್ಮೆ ಸಹಿ ಮಾಡಿಸಿಕೊಳ್ಳಿ. ಆರು ತಿಂಗಳ ಮೇಲೆ ಒಟ್ಟಿಗೆ ಸಹಿ ಕೇಳಿದರೆ ನಾನಂತೂ ಮಾಡೋದಿಲ್ಲ, ಮಾಡಲೂಬಾರದು.

ಕೌನ್ಸಿಲ್‌ಗಳು ಏನು ಕೇಳುತ್ತವೆ

ಬ್ರಿಟನ್‌ನಲ್ಲಿ ಫಿಸಿಯೋ, ಆಕ್ಯುಪೇಷನಲ್ ಥೆರಪಿ, ರೇಡಿಯಾಗ್ರಫಿ, ಲ್ಯಾಬಿನ ಬಯೋಮೆಡಿಕಲ್ ಸೈಂಟಿಸ್ಟ್ ಸೇರಿ 15 ವೃತ್ತಿಗಳನ್ನ ಎಚ್‌ಸಿಪಿಸಿ ಅನ್ನುವ ಒಂದೇ ಕೌನ್ಸಿಲ್ ನೋಡಿಕೊಳ್ಳುತ್ತದೆ. ನಿಮ್ಮ ಸಿಲಬಸ್, ಪೋಸ್ಟಿಂಗ್ ಗಂಟೆ, ಕೆಲಸದ ಅನುಭವ ಎಲ್ಲ ನೋಡಿ ಅಲ್ಲಿನ ಮಟ್ಟಕ್ಕೆ ತಾಳೆ ಹಾಕುತ್ತಾರೆ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7 ಬೇಕು, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಆಗಬಾರದು. ಮಾತು ಮತ್ತು ಭಾಷಾ ಚಿಕಿತ್ಸೆಯವರಿಗೆ ಇನ್ನೂ ಹೆಚ್ಚು. ಅರ್ಜಿ ಶುಲ್ಕವೇ 600 ಪೌಂಡ್ ದಾಟುತ್ತದೆ, ಕೆಲಸ ಸಿಗಲಿ ಬಿಡಲಿ ಅದು ಹೋದ ದುಡ್ಡು. ನರ್ಸ್‌ಗಳ ಕೌನ್ಸಿಲ್ ಬೇರೆ, ಎನ್‌ಎಂಸಿ. ಅವರದು ಎರಡು ಹಂತದ ಪರೀಕ್ಷೆ: ಕಂಪ್ಯೂಟರ್ ಮೇಲಿನದನ್ನ ಇಲ್ಲೇ ಬರೆಯಬಹುದು, ಓಎಸ್‌ಸಿಇ ಅನ್ನುವ ಪ್ರಾಯೋಗಿಕ ಪರೀಕ್ಷೆಗೆ ಅಲ್ಲಿಗೇ ಹೋಗಬೇಕು. ಭಾಷೆಗೆ ಐಇಎಲ್‌ಟಿಎಸ್ ಬದಲು ಆರೋಗ್ಯ ಕ್ಷೇತ್ರದವರಿಗೇ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿಯನ್ನೂ ಒಪ್ಪುತ್ತಾರೆ. ಓಇಟಿಯಲ್ಲಿ ಮಾತಿನ ಪರೀಕ್ಷೆ ಅಂದರೆ ನೀವು ನರ್ಸ್, ಎದುರಿಗಿರುವವರು ರೋಗಿ, ಅವರ ಭಯ ಕೇಳಿ ಸಮಾಧಾನ ಹೇಳಿ ವಿವರಿಸಬೇಕು. ನಮ್ಮ ಹುಡುಗಿಯರು ಕನ್ನಡದಲ್ಲಿ ದಿನಾ ಮಾಡುವ ಕೆಲಸವೇ ಇದು. ಇಂಗ್ಲಿಷ್‌ನಲ್ಲಿ ಬಾಯಿ ಬರೋದಿಲ್ಲ, ಅಭ್ಯಾಸ ಇಲ್ಲ ಅಂತ. ಎರಡನೇ ವರ್ಷದಿಂದಲೇ ಗೆಳತಿಯರು ಹಾಸ್ಟೆಲಿನಲ್ಲಿ ಕೂತು ದಿನಕ್ಕೆ ಅರ್ಧ ಗಂಟೆ ಹೀಗೆ ಮಾತಾಡಿಕೊಂಡರೆ ಕೋಚಿಂಗ್ ಶುಲ್ಕದ ಬಹುಪಾಲು ಉಳಿಯುತ್ತದೆ.

ಬ್ರಿಟನ್ ಬಗ್ಗೆ ಇನ್ನೊಂದು ಮಾತು, ಇದನ್ನ ಯಾವ ಏಜೆಂಟೂ ಹೇಳೋದಿಲ್ಲ. 2024ರಿಂದೀಚೆಗೆ ಅಲ್ಲಿ ಹೊರದೇಶದ ನರ್ಸ್‌ಗಳ ನೇಮಕ ಬಹಳ ಇಳಿದಿದೆ. ಅಲ್ಲೇ ಓದಿ ಪಾಸಾದ ಫಿಸಿಯೋಗಳಿಗೂ ಮೊದಲ ಕೆಲಸ ಸುಲಭವಾಗಿ ಸಿಗುತ್ತಿಲ್ಲ. 2025ರ ಜುಲೈ 22ರಿಂದ ಕೇರ್ ವರ್ಕರ್ ಕೆಲಸಕ್ಕೆ ಹೊರಗಿನಿಂದ ಹೊಸಬರನ್ನ ಕರೆಸಿಕೊಳ್ಳೋದನ್ನೇ ನಿಲ್ಲಿಸಿದ್ದಾರೆ. ಈಗಲೂ ಯಾರಾದರೂ ಯುಕೆ ಕೇರ್ ವೀಸಾ ಕೊಡಿಸುತ್ತೇನೆ ಅಂದರೆ ಅದು ಮೋಸ.

ಗಲ್ಫ್ ದೇಶಗಳದು ಬೇರೆ ರೀತಿ. ಸೌದಿ, ದುಬೈ, ಅಬುಧಾಬಿ, ಕತಾರ್ ಒಂದೊಂದಕ್ಕೂ ಅದರದ್ದೇ ಲೈಸೆನ್ಸ್ ಪ್ರಾಧಿಕಾರ. ಆದರೆ ಎಲ್ಲರ ದಾರಿ ಹೆಚ್ಚುಕಮ್ಮಿ ಒಂದೇ: ಕಾಗದಗಳ ಪರಿಶೀಲನೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಜೊತೆಗೆ ಸಾಮಾನ್ಯವಾಗಿ 2 ವರ್ಷದ ಅನುಭವ. ಪರಿಶೀಲನೆ ಮಾಡುವ ಕಂಪನಿ ಡೇಟಾಫ್ಲೋ. ಅವರು ನೀವು ಕೊಟ್ಟ ಜೆರಾಕ್ಸ್ ನೋಡಿ ಸುಮ್ನೆ ಬಿಡೋದಿಲ್ಲ. ನಿಮ್ಮ ವಿಶ್ವವಿದ್ಯಾಲಯಕ್ಕೆ, ಕೌನ್ಸಿಲ್‌ಗೆ, ನೀವು ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತಾರೆ. ನಮ್ಮ ಊರುಗಳ ಹುಡುಗರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಕೈಗೆ ನಗದು ಸಂಬಳ ತೆಗೆದುಕೊಂಡು ಎರಡು ವರ್ಷ ದುಡಿದಿರುತ್ತಾರೆ, ಪ್ರಾಮಾಣಿಕವಾಗಿಯೇ ದುಡಿದಿರುತ್ತಾರೆ. ಆದರೆ ನೇಮಕಾತಿ ಪತ್ರ ಇಲ್ಲ, ಬ್ಯಾಂಕಿಗೆ ಸಂಬಳ ಬಂದಿಲ್ಲ, ಪಿಎಫ್ ಇಲ್ಲ. ಡೇಟಾಫ್ಲೋದವರು ಕೇಳಿದಾಗ ಅಲ್ಲಿ ಉತ್ತರ ಕೊಡುವವರೂ ಇರೋದಿಲ್ಲ. ಇನ್ನು ಸುಳ್ಳು ಅನುಭವ ಪತ್ರ ಮಾಡಿಸಿಕೊಂಡವರ ಕಥೆ ಕೇಳಲೇಬೇಡಿ. ಒಂದು ಕಡೆ ನಕಲಿ ಅಂತ ವರದಿ ಬಂದರೆ ಬೇರೆ ಗಲ್ಫ್ ದೇಶಕ್ಕೆ ಅರ್ಜಿ ಹಾಕಿದಾಗಲೂ ಅದು ಬೆನ್ನು ಬಿಡೋದಿಲ್ಲ.

ಜರ್ಮನಿಗೆ ಬೇಕಾದ್ದು ಭಾಷೆ. ನರ್ಸ್ ಆಗಿ ಪೂರ್ತಿ ಮಾನ್ಯತೆ ಪಡೆಯಲು ಬಿ2 ಮಟ್ಟದ (ಸರಾಗವಾಗಿ ಮಾತಾಡಿ ಬರೆಯುವಷ್ಟು) ಜರ್ಮನ್ ಸಾಮಾನ್ಯವಾಗಿ ಬೇಕು. ಕೆಲಸದ ನಂತರ ಸಂಜೆ ಒಂದು ಗಂಟೆ ಕಲಿತು ಆಗುವ ಮಾತಲ್ಲ ಅದು, ವರ್ಷದ ಹತ್ತಿರ ಕೂತು ಕಲಿಯಬೇಕು. ಮಾನ್ಯತೆ ಸಿಗುವ ತನಕ ಸಹಾಯಕರ ದರ್ಜೆಯಲ್ಲಿ ದುಡಿಸಿಕೊಳ್ಳುತ್ತಾರೆ, ಸಂಬಳವೂ ಅದೇ. ಜಪಾನ್‌ಗೆ ಹೋಗುವ ದಾರಿಯಲ್ಲಿ ಈಗ ಜಾಸ್ತಿ ಪ್ರಚಾರ ಇರೋದು ಕೇರ್‌ಗಿವರ್ ಕೆಲಸಕ್ಕೆ. ಬಿಎಸ್‌ಸಿ ನರ್ಸಿಂಗ್ ಮಾಡಿದವರು ಅಲ್ಲಿ ನರ್ಸ್ ಆಗಿ ಹೋಗುತ್ತಿಲ್ಲ, ಆರೈಕೆಯವರಾಗಿ ಹೋಗುತ್ತಿದ್ದಾರೆ. ಒಪ್ಪಿಕೊಂಡು ಹೋದರೆ ತಪ್ಪೇನಿಲ್ಲ, ಗೊತ್ತಿಲ್ಲದೆ ಹೋಗಬಾರದು. ಅಮೆರಿಕಕ್ಕೆ ನರ್ಸ್‌ಗಳು ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯಬೇಕು, ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ಪಾಸಾದರೂ ಭಾರತೀಯರಿಗೆ ವಲಸೆ ವೀಸಾದ ಸರತಿ ವರ್ಷಾನುಗಟ್ಟಲೆ ಇದೆ. ಫಿಸಿಯೋಗಳಿಗೆ ಅಲ್ಲಿನ ಡಿಗ್ರಿ ಡಾಕ್ಟರೇಟ್ ಮಟ್ಟದ್ದು, ನಮ್ಮ ಬಿಪಿಟಿ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ, ಮತ್ತೆ ಓದಬೇಕಾಗುತ್ತದೆ.

ಇನ್ನು ಕೆಲವು ಕೋರ್ಸ್‌ಗಳಿಗೆ ಆ ದೇಶದಲ್ಲಿ ಜೋಡಿಯೇ ಇರೋದಿಲ್ಲ. ಡಯಾಲಿಸಿಸ್ ಟೆಕ್ನಾಲಜಿ ಓದಿದವರನ್ನೇ ನೋಡಿ. ಗಲ್ಫ್‌ನಲ್ಲಿ ಆ ಹುದ್ದೆ ಇದೆ. ಬ್ರಿಟನ್‌ನಲ್ಲಿ ಡಯಾಲಿಸಿಸ್ ಬಹುಪಾಲು ನರ್ಸ್‌ಗಳೇ ಮಾಡುತ್ತಾರೆ. ಪಿಯುಸಿ ಮುಗಿಸಿ ಕೋರ್ಸ್ ಆಯ್ಕೆ ಮಾಡುವಾಗಲೇ ಇದು ಗೊತ್ತಿರಬೇಕು. ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಮತ್ತು ವಿಶ್ವವಿದ್ಯಾಲಯದ ಬಿಎಸ್‌ಸಿ ನಡುವಿನ ವ್ಯತ್ಯಾಸವೂ ಹೊರಗೆ ಹೋಗುವಾಗ ದೊಡ್ಡದಾಗುತ್ತದೆ.

ಇಲ್ಲೇ ಇನ್ನೊಂದು ಹಳೆಯ ತೊಡಕಿದೆ. ಹೊರಗಿನ ಕೌನ್ಸಿಲ್‌ಗಳು ನಿಮ್ಮ ಊರಿನ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಪತ್ರ (ನೋಂದಣಿ ಸರಿಯಾಗಿದೆ, ಶಿಸ್ತುಕ್ರಮ ಇಲ್ಲ ಅನ್ನುವ ಪತ್ರ) ಕೇಳುತ್ತವೆ. ನರ್ಸ್‌ಗಳಿಗೆ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ಕೊಡುತ್ತದೆ. ಲ್ಯಾಬ್, ಅನಸ್ತೇಶಿಯಾ, ಡಯಾಲಿಸಿಸ್‌ನವರಿಗೆ ರಾಷ್ಟ್ರಮಟ್ಟದಲ್ಲಿ ಅಂಥದ್ದು ಇರಲೇ ಇಲ್ಲ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 50ಕ್ಕೂ ಹೆಚ್ಚು ವೃತ್ತಿಗಳನ್ನ 10 ಗುಂಪು ಮಾಡಿ ಒಂದೇ ಚಾವಣಿಯಡಿ ತಂದಿದೆ, ಫಿಸಿಯೋ ಕೂಡ ಅದರಲ್ಲೇ ಬರುತ್ತದೆ. ರಾಜ್ಯದ ಕೌನ್ಸಿಲ್‌ನಲ್ಲಿ ನಿಮ್ಮ ವೃತ್ತಿಗೆ ನೋಂದಣಿ ತೆರೆದ ಕೂಡಲೇ ಮಾಡಿಸಿಕೊಳ್ಳಿ. ನಾಳೆ ಹೊರಗಿನವರು ಕೇಳುವ ಮೊದಲ ಕಾಗದ ಅದೇ ಆಗಿರುತ್ತದೆ.

ಕಾಗದ, ಹೆಸರು, ಲಸಿಕೆ

ಹೆಸರಿನ ಗೊಂದಲ ನಮ್ಮ ಭಾಗದವರಿಗೆ ಉಳಿದವರಿಗಿಂತ ಜಾಸ್ತಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಡಿಗ್ರಿಯಲ್ಲಿ ಬರೀ ಇನಿಷಿಯಲ್, ತಂದೆಯ ಹೆಸರು ಒಂದರಲ್ಲಿ ಇದೆ ಇನ್ನೊಂದರಲ್ಲಿ ಇಲ್ಲ. ಹಿರೇಮಠ ಅನ್ನೋದನ್ನೇ ಇಂಗ್ಲಿಷ್‌ನಲ್ಲಿ ಮೂರು ಕಡೆ ಮೂರು ರೀತಿ ಬರೆದಿರುತ್ತಾರೆ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಎಲ್ಲವನ್ನೂ ಒಂದು ಮಾಡಿಕೊಳ್ಳಿ. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಎರಡನೇ ವರ್ಷದಲ್ಲೇ ಮಾಡಿಸಿಬಿಡಿ.

ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ಬರಬೇಕು. ರಾಜೀವ್ ಗಾಂಧಿ ವಿವಿ ಅಡಿ ಓದಿದವರಿಗೆ ಅದು ಬೆಂಗಳೂರಿನಿಂದ. ಅದಕ್ಕಿಂತ ಕಷ್ಟ ನೀವು ಓದಿದ ವರ್ಷದ ಸಿಲಬಸ್, ಗಂಟೆಗಳ ವಿವರ, ಪ್ರಾಂಶುಪಾಲರ ಸಹಿ ಇರುವ ಪತ್ರ. ಕಾಲೇಜಿನಲ್ಲಿ ಇರುವಾಗಲೇ ತೆಗೆದಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಬಂದರೆ ಸಿಲಬಸ್ ಬದಲಾಗಿರುತ್ತದೆ, ಎಚ್‌ಒಡಿ ಬದಲಾಗಿರುತ್ತಾರೆ, ನಿಮ್ಮನ್ನ ಗುರುತಿಸುವವರೇ ಇರೋದಿಲ್ಲ. ಅಪೋಸ್ಟಿಲ್ ಅನ್ನೋದು ವಿದೇಶಾಂಗ ಇಲಾಖೆಯ ದೃಢೀಕರಣ, ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಷ್ಟು ಸಾಕು. 2005ರಿಂದ ಭಾರತ ಅದರಲ್ಲಿದೆ. ಸೇರದ ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಲಸಿಕೆಯ ವಿಷಯ ಯಾರೂ ಗಂಭೀರವಾಗಿ ತೆಗೆದುಕೊಳ್ಳೋದಿಲ್ಲ. ಹೆಪಟೈಟಿಸ್ ಬಿ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ಆಮೇಲೆ ರಕ್ತದಲ್ಲಿ ಪ್ರತಿಕಾಯ 10ಕ್ಕಿಂತ ಮೇಲಿದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಪೋಸ್ಟಿಂಗ್ ಪತ್ರ ಬಂದ ಮೇಲೆ ಶುರು ಮಾಡಿದರೆ ಸಮಯ ಸಾಲೋದಿಲ್ಲ. ಸೂಜಿ ಹಿಡಿಯುವ ಕೆಲಸ ಮಾಡುವವರಿಗೆ ಇಲ್ಲೇ ಇದ್ದರೂ ಬೇಕಾದದ್ದು ಅದು. ಗಲ್ಫ್‌ಗೆ ಹೋಗುವವರ ಎದೆಯ ಎಕ್ಸ್‌ರೇಯಲ್ಲಿ ಹಳೆಯ ಟಿಬಿ ಕಲೆ ಕಂಡರೂ ಅನ್‌ಫಿಟ್ ಅಂತ ಬರೆಯುವುದುಂಟು. ಎದೆರೋಗದ ವಾರ್ಡಿನಲ್ಲಿ ಪೋಸ್ಟಿಂಗ್ ಇದ್ದಾಗ ಎನ್-95 ಹಾಕಿಕೊಳ್ಳಿ ಅಂತ ನಾನು ಹಿಂದೆ ಬೀಳೋದು ಅದಕ್ಕೇ.

ದುಡ್ಡು ಕೇಳುವವರು

ಕೆಲಸ ಕೊಡಿಸುವ ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, 1983ರ ವಲಸೆ ಕಾಯ್ದೆಯ ಪ್ರಕಾರ. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಿದರೆ ಗೊತ್ತಾಗುತ್ತದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಎಂಟು ಲಕ್ಷ, ಹತ್ತು ಲಕ್ಷ ಕೇಳುವವರು ಕಾನೂನಿನ ಹೊರಗಿದ್ದಾರೆ. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೂ ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳೋದನ್ನೇ ಒಪ್ಪೋದಿಲ್ಲ. ಕೆಲಸದ ವೀಸಾಕ್ಕೆ ಆಸ್ಪತ್ರೆಯವರು ಕೊಡುವ ಸ್ಪಾನ್ಸರ್‌ಶಿಪ್ ಪತ್ರ ಮಾರಾಟದ ಸರಕಲ್ಲ. ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿಯಲ್ಲೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ. ಪೇಟೆಯಲ್ಲಿ ಬೋರ್ಡ್ ಹಾಕಿಕೊಂಡಿದ್ದಾರೆ, ಪರಿಚಯದವರ ಮಗನನ್ನ ಕಳಿಸಿದ್ದಾರೆ ಅಂದ ಮಾತ್ರಕ್ಕೆ ನೋಂದಣಿ ಇದೆ ಅಂತಲ್ಲ.

ಮಾಸ್ಟರ್ಸ್ ಮಾಡಲು ಹೋಗುವವರಿಗೆ ಒಂದೇ ಪ್ರಶ್ನೆ: ಈ ಕೋರ್ಸ್ ಮುಗಿಸಿದರೆ ಕೌನ್ಸಿಲ್ ನೋಂದಣಿಗೆ ಅರ್ಹತೆ ಬರುತ್ತದಾ? ಬ್ರಿಟನ್‌ನಲ್ಲಿ ಪ್ರೀ-ರಿಜಿಸ್ಟ್ರೇಷನ್ ಎಂಎಸ್‌ಸಿ ಅಂತ ಇರುತ್ತದೆ, ಅದಕ್ಕೆ ಬರುತ್ತದೆ. ಬರೀ ಎಂಎಸ್‌ಸಿ ಫಿಸಿಯೋಥೆರಪಿ ಅಂತಿದ್ದರೆ ಬರೋದಿಲ್ಲ, ಬಿಪಿಟಿ ಮೇಲೆಯೇ ಬೇರೆಯಾಗಿ ಅರ್ಜಿ ಹಾಕಬೇಕು. ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಒಳ್ಳೆಯ ಓದು, ಆದರೆ ರೋಗಿ ನೋಡುವ ಲೈಸೆನ್ಸ್ ಅದರಿಂದ ಸಿಗೋದಿಲ್ಲ. ಓದು ಮುಗಿದ ಮೇಲೆ ಬ್ರಿಟನ್‌ನಲ್ಲಿ ಉಳಿದು ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷವನ್ನ 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುತ್ತಿದ್ದಾರೆ. ಸಾಲದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಸಾಲಕ್ಕಿಂತ ಮೊದಲು ವಿದ್ಯಾರ್ಥಿವೇತನ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಯುರೋಪಿನ ಎರಾಸ್ಮಸ್ ಮುಂಡಸ್ ಗೆದ್ದವರಿಗೆ ಶುಲ್ಕ ಇಲ್ಲ, ಮೇಲೆ ತಿಂಗಳಿಗೆ 1400 ಯೂರೋ.

ಅನುಭವದ ಎರಡು ವರ್ಷ ಎಲ್ಲಿ ಕಳೆಯಬೇಕು

ಪಾಸಾದ ತಕ್ಷಣ ಹೊರಗೆ ಹಾರುವವರು ಕಡಿಮೆ. ಮಧ್ಯದ ಎರಡು ಮೂರು ವರ್ಷ ಇಲ್ಲೇ ದುಡಿಯಬೇಕು, ಎಲ್ಲಿ ದುಡಿಯುತ್ತೀರಿ ಅನ್ನೋದೇ ಮುಂದಿನದನ್ನ ತೀರ್ಮಾನಿಸುತ್ತದೆ. ಬಿಎಸ್‌ಸಿ ನರ್ಸಿಂಗ್ ಆದವರಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ. ನರ್ಸ್‌ಗಳ ನೇಮಕಕ್ಕೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ ಇದೆ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಸ್ಥಾನ, ರೈಲ್ವೆ ಆಸ್ಪತ್ರೆ ನಮ್ಮೂರಲ್ಲೇ ಇದೆ. ರೈಲ್ವೆ ನೇಮಕಾತಿ ಮಂಡಳಿ ಪ್ಯಾರಾಮೆಡಿಕಲ್ ಹುದ್ದೆಗಳಿಗೆ ಕರೆದಾಗ ನರ್ಸ್, ಲ್ಯಾಬ್, ರೇಡಿಯಾಗ್ರಫಿ, ಡಯಾಲಿಸಿಸ್, ಫಿಸಿಯೋ ಎಲ್ಲರಿಗೂ ಜಾಗ ಇರುತ್ತದೆ. ಸರ್ಕಾರಿ ಆಸ್ಪತ್ರೆಯ ಅನುಭವ ಪತ್ರವನ್ನ ಹೊರಗಿನವರು ಪರಿಶೀಲಿಸೋದೂ ಸುಲಭ.

ಖಾಸಗಿ ಆಸ್ಪತ್ರೆಗೆ ಸೇರುವುದಾದರೆ ಸಂಬಳ ಸಾವಿರ ರೂಪಾಯಿ ಕಡಿಮೆ ಇದ್ದರೂ ಪರವಾಗಿಲ್ಲ, ನೇಮಕಾತಿ ಪತ್ರ ಕೊಡುವ, ಬ್ಯಾಂಕಿಗೆ ಸಂಬಳ ಹಾಕುವ, ಪಿಎಫ್ ಕಟ್ಟುವ ಕಡೆ ಸೇರಿ. ಬಿಡುವಾಗ ಹುದ್ದೆ, ವಿಭಾಗ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ ಅನ್ನೋದೆಲ್ಲ ಇರುವ ಪತ್ರ ಲೆಟರ್‌ಹೆಡ್ ಮೇಲೆ ತೆಗೆದುಕೊಳ್ಳಿ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ಊರ್ಜಿತ, ಅದಕ್ಕೇ ಅದನ್ನ ಮೊದಲೇ ಬರೆದು ಇಟ್ಟುಕೊಳ್ಳಬೇಡಿ. ಭಾಷೆಯ ಅಭ್ಯಾಸ ಈಗಲೇ ಶುರುವಾಗಲಿ, ಪರೀಕ್ಷೆ ಮಾತ್ರ ಅನುಭವದ ಎರಡನೇ ವರ್ಷ ಮುಗಿಯಲು ಬಂದಾಗ ಬರೆಯಿರಿ.